ರಕ್ತಕ್ಕೆ ತಣ್ಣೀರು

ಮಾರ್ಚ್ 4

ನನ್ನ ಕೂಸೇ,

ನಿನ್ನ ಕಾದಂಬರಿ ಬಂತು. ಅಂಚೆಯವನು ಬಾಗಿಲ ಸಂದಿಯಲ್ಲಿ ತುರುಕಲು ಹೋಗಿ ರಟ್ಟಿನ ಮೂಲೆ ಮಡಚಿಬಿಟ್ಟಿದ್ದ. ಮೇಲೊಂದು ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆ ಒತ್ತಿ ನೆಟ್ಟಗೆ ಮಾಡಿದೆ. ಮುಪ್ಪು ಬಂದರೂ ಕೈಚಟ ಹೋಗುವುದಿಲ್ಲ. ನನ್ನ ಮುಖದ್ದೊಂದು ಬಿಟ್ಟು ಬೇರೆಲ್ಲೇ ಸುಕ್ಕು ಕಂಡರೂ ಸರಿ ಮಾಡುವವರೆಗೆ ನೆಮ್ಮದಿ ಇಲ್ಲ.

ನಿಮ್ಮ ಓದುಕೂಟದಲ್ಲಿ ಇದನ್ನು ಓದಿಸು, ಬರೆದವಳು ನಿನ್ನ ತಮ್ಮನ ಮಗಳು ಅಂತ ಹೇಳಬೇಡ, ಹೇಳಿದರೆ ದಾಕ್ಷಿಣ್ಯಕ್ಕೆ ಹೊಗಳುತ್ತಾರೆ ಎಂದು ನೀನು ಬರೆದಿದ್ದೆ. ಹೇಳಿಲ್ಲ. ಆದರೆ ನಿನಗೆ ನಮ್ಮ ಕೂಟ ಗೊತ್ತಿಲ್ಲ. ದಾಕ್ಷಿಣ್ಯ ಅನ್ನುವ ಬಟ್ಟೆ ಅಲ್ಲಿಗೆ ಒಗೆಯಲೂ ಬಂದದ್ದಿಲ್ಲ.

ಕೂಟ ಅಂದರೆ ಕುರ್ಚಿ, ಹೂದಾನಿ ಅಂದುಕೊಳ್ಳಬೇಡ. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಬಟ್ಟೆಮನೆ. ಮೂವತ್ತೆಂಟು ವರ್ಷ ನಾನು ದುಡಿದ ಜಾಗ. ಬಟ್ಟೆಗೆ ಹೊಲಿದ ವಾರ್ಡಿನ ಚೀಟಿ ನೋಡಿ ನೋಡಿ ಅಕ್ಷರ ಕಲಿತದ್ದೂ ಅಲ್ಲೇ. ಈಗಲೂ ವಾರಕ್ಕೆರಡು ದಿನ ಹರಿದ ಹಾಸುಗಳಿಗೆ ತೇಪೆ ಹಾಕಲು ಹೋಗುತ್ತೇನೆ. ಒಗೆಯುವ ಮೆಷಿನ್ನಿಗೆ ಒಂದು ಸುತ್ತಿಗೆ ನಲವತ್ತು ನಿಮಿಷ. ಅಷ್ಟು ಹೊತ್ತು ಒಬ್ಬಳು ಕ್ರೇಟಿನ ಮೇಲೆ ನಿಂತು ಓದುತ್ತಾಳೆ, ಉಳಿದವರು ಹಿಂದಿನ ಸುತ್ತಿನ ಹಾಸುಗಳನ್ನು ಇಸ್ತ್ರಿ ರೋಲರಿಗೆ ಕೊಟ್ಟು ಮಡಚುತ್ತಾರೆ. ಓದುವವಳ ಪಾಲಿನ ಮಡಿಕೆಯನ್ನು ಉಳಿದವರು ಹಂಚಿಕೊಳ್ಳುತ್ತಾರೆ. ಗಂಟೆ ಹೊಡೆಯಿತೋ, ವಾಕ್ಯದ ನಡುವೆಯೇ ಪುಸ್ತಕ ಮುಚ್ಚಬೇಕು. ನಾನು ರೋಲರಿನ ಪಕ್ಕದ ಸ್ಟೂಲಿನ ಮೇಲೆ. ನನ್ನ ತಲೆಯ ಮೇಲೆ ರೋಲರ್ ನಿಲ್ಲಿಸುವ ಕೆಂಪು ಹಗ್ಗ ತೂಗುತ್ತಿರುತ್ತದೆ. ಯಾರದಾದರೂ ಕೈ ಸಿಕ್ಕಿಕೊಂಡರೆ ಎಳೆಯುವುದು ಅಲ್ಲಿ ಕೂತವಳ ಕೆಲಸ.

ಮೆಷಿನ್ ಸದ್ದಿಗೆ ಕಿರುಚಿಯೇ ಓದಬೇಕು. ನಿನ್ನ ಪುಸ್ತಕದಲ್ಲಿ ‘ಅಮ್ಮ ಪಿಸುಗುಟ್ಟಿದಳು’ ಅಂತ ಬಂದಾಗಲೆಲ್ಲ ನಮ್ಮ ಕನ್ನಡಕ ಗಂಟಲು ಹರಿದುಕೊಳ್ಳುತ್ತಾಳೆ. ಆ ಪಿಸುಮಾತು ಬಾಯ್ಲರ್ ಕೋಣೆಗೂ ಕೇಳುತ್ತದೆ. ಕನ್ನಡಕ ಅಂದರೆ ನಮ್ಮ ಓದುಗಾರ್ತಿ, ನಟನೆ ಸ್ವಲ್ಪ ಜಾಸ್ತಿ. ಇನ್ನೊಬ್ಬಳು ದೊಡ್ಡಕ್ಕ, ಮೇಸ್ತ್ರಿ. ಅವಳ ತೋಳು ನೋಡಿ ಡಾಕ್ಟರುಗಳೂ ದಾರಿ ಬಿಡುತ್ತಾರೆ. ಮೂರನೆಯವಳು ಗುಬ್ಬಿ. ಹೊಸಬಳು, ಇಪ್ಪತ್ತಾರು ವರ್ಷ, ಮಾತು ಕಡಿಮೆ. ಕುದಿಯುವ ನೆಲಮಾಳಿಗೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ಬಟ್ಟೆಯನ್ನೇ ಹಾಕುತ್ತಾಳೆ.

ಈಗ ಅಭಿಪ್ರಾಯ. ‘ಅಪ್ಪನ ಕೈ ಹವಾಮಾನದ ಹಾಗೆ, ಯಾವಾಗ ತಿರುಗುವುದೋ ತಿಳಿಯದು’ ಅಂತ ನೀನು ಬರೆದಿದ್ದೀಯಲ್ಲ, ದೊಡ್ಡಕ್ಕ ಕೈಲಿದ್ದ ಹಾಸು ಕೆಳಗೆ ಬಿಟ್ಟಳು. “ಹವಾಮಾನ ಅಂತೆ! ಹೊಡ್ದ ಅನ್ನೋಕೆ ಇವಳಿಗೇನು ರೋಗ? ಹವಾಮಾನಕ್ಕೆ ಮುಷ್ಟಿ ಇರುತ್ತಾ?”

ಆದರೆ ಎರಡನೇ ಅಧ್ಯಾಯಕ್ಕೆ ಅವಳ ಬಾಯಿ ಕಟ್ಟಿತು. ಅವನು ಹೆಂಡತಿಯ ತಲೆಯನ್ನು ಬಾಗಿಲ ಚೌಕಟ್ಟಿಗೆ ಗುದ್ದುತ್ತಾನೆ, ಹಲ್ಲೊಂದು ಹಾರಿ ನೀರಿನ ಬಕೆಟ್ಟಿಗೆ ಬೀಳುತ್ತದೆ, ಮಗು ಅದನ್ನು ತನ್ನದೇ ಹಾಲುಹಲ್ಲು ಅಂದುಕೊಂಡು ಎತ್ತಿ, ತೊಳೆದು, ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತದೆ. ಗುಬ್ಬಿ ಮೊದಲ ಸಲ ಬಾಯಿ ಬಿಟ್ಟಳು. “ಇದನ್ನ ಸರಿಯಾಗಿ ಬರ್ದಿದಾಳೆ.”

ಒಂದು ತಪ್ಪು ಹಿಡಿದಿದ್ದಾರೆ. ಐದನೇ ಅಧ್ಯಾಯದಲ್ಲಿ ತಾಯಿ ಮೆಟ್ಟಿಲಿಂದ ಬಿದ್ದ ಮಧ್ಯಾಹ್ನ, ಅತ್ತೆ ಬಂದು ರಕ್ತವಾದ ದಿಂಬಿನ ಕವರನ್ನು ಹಬೆಯಾಡುವ ನೀರಿನಲ್ಲಿ ಒಗೆಯುತ್ತಾಳೆ ಅಂತ ಬರೆದಿದ್ದೀ. ಮೂವರೂ ಬಿದ್ದು ಬಿದ್ದು ನಕ್ಕರು. “ಈ ಪುಣ್ಯಾತ್ಗಿತ್ತಿ ಜನ್ಮದಲ್ಲಿ ಬಟ್ಟೆ ಒಗೆದಿಲ್ಲ ಕಣ್ರೇ! ರಕ್ತಕ್ಕೆ ಯಾರಾದ್ರೂ ಬಿಸಿನೀರು ಹಾಕ್ತಾರಾ? ಬೆಂದು ಕೂತ್ಬಿಡುತ್ತೆ, ಅಪ್ಪನಾಣೆ ಹೋಗಲ್ಲ.” ರಕ್ತಕ್ಕೆ ತಣ್ಣೀರು, ಅದು ನಮ್ಮಲ್ಲಿ ಮೊದಲ ದಿನದ ಪಾಠ. ಮುಂದಿನ ಮುದ್ರಣದಲ್ಲಿ ತಣ್ಣೀರು ಅಂತ ತಿದ್ದಿಬಿಡು.

ನನ್ನ ತಮ್ಮ ಹೇಗಿದ್ದಾನೆ? ಚಳಿ ಇದ್ದರೆ ಕಾಲುಚೀಲ ಹಾಕು. ನಿನ್ನ ಆರೋಗ್ಯವನ್ನೂ ಒಂದು ಸಾಲು ಬರೆ.

ನಿನ್ನ ಅತ್ತೆ


ಮಾರ್ಚ್ 19

ಅತ್ತೆ,

ನಿನ್ನ ಪತ್ರ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಪತ್ರಿಕೆಯವರು ನನ್ನ ಕಾದಂಬರಿಯನ್ನು ‘ಸೌಮ್ಯ’ ಅಂತ ಹೊಗಳಿದ್ದಾರೆ. ಏನೂ ಹೇಳದೆ ಎಲ್ಲ ಹೇಳುತ್ತದಂತೆ. ನನಗೆ ದೊಡ್ಡಕ್ಕನೇ ಇಷ್ಟವಾದಳು.

ಅಪ್ಪ ಈಗ ಚಮಚ ಹಿಡಿಯುವುದಿಲ್ಲ, ನಾನೇ ಉಣಿಸುತ್ತೇನೆ. ಮಾತು ನಿಂತು ಎರಡು ತಿಂಗಳಾಯಿತು. ‘ಅಪ್ಪನಿಗೆ’ ಅಂತ ಅಚ್ಚಾಗಿರುವ ಪುಟವನ್ನು ಬೆರಳಿನಿಂದ ಸವರುತ್ತಾ ಕೂರುತ್ತಾರೆ. ಈ ಮುದುಕರೇ ಆ ಹವಾಮಾನ ಅಂದರೆ ನನಗೇ ನಂಬಿಕೆ ಬರುವುದಿಲ್ಲ.

ಬಿಸಿನೀರು ಮಾತ್ರ ತಪ್ಪಲ್ಲ ಅತ್ತೆ. ನನಗಾಗ ಏಳು ವರ್ಷ. ನಿನ್ನ ಬೆನ್ನು, ಸೋಪಿನ ವಾಸನೆ, ಟಬ್ಬಿನಿಂದೇಳುವ ಹಬೆ, ನೀನು ಕೆಟಲ್ ಬಗ್ಗಿಸಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಹನಿ ನನ್ನ ಪಾದದ ಮೇಲೂ ಸಿಡಿಯಿತು. ಗುರುತು ಇನ್ನೂ ಇದೆ. ಆ ಮಧ್ಯಾಹ್ನದಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಅದೊಂದೇ. ಉಳಿದದ್ದನ್ನು ನೀನೂ ಅಪ್ಪನೂ ಹೇಳಿದ ಹಾಗೆ ಬರೆದೆ.

ಬಟ್ಟೆಮನೆಯಲ್ಲೇ ಜೀವ ಸವೆಸಿದವಳು ನೀನು. ನೀನೇಕೆ ಬಿಸಿನೀರು ಹಾಕಿದೆ? ಅಂದು ನೀನು ಬಂದಾಗ ಅಮ್ಮ ಎಲ್ಲಿದ್ದಳು?

ನಿನ್ನ ಕೂಸು


ಏಪ್ರಿಲ್ 8

ನನ್ನ ಕೂಸೇ,

ಕಣ್ಣಿಗೆ ಔಷಧಿ ಹಾಕಿಸಿಕೊಂಡಿದ್ದರಿಂದ ಬರೆಯುವುದು ತಡವಾಯಿತು. ಗಾಬರಿಯಲ್ಲಿ ಕೈ ಏನೇನೋ ಮಾಡುತ್ತದೆ, ಅದನ್ನೆಲ್ಲ ದೊಡ್ಡದು ಮಾಡಬೇಡ.

ಕೂಟದ ಸುದ್ದಿ ಕೇಳು. ಆರನೇ ಅಧ್ಯಾಯವಾಯಿತು. ಹುಡುಗಿ ಕೋಣೆಗೆ ಇಣುಕಿ ನೋಡುತ್ತಾಳೆ. ಮಂಚದ ಪಕ್ಕದ ಗೋಡೆಯ ಮೇಲೆ ಕಂದು ಚುಕ್ಕೆಗಳು, ‘ಇರುವೆಗಳು ಮೂರು ಸಾಲಾಗಿ ಸೂರಿಗೆ ಹತ್ತಿದ ಹಾಗೆ’. ಮೆಟ್ಟಿಲ ಮೇಲೆ ಮಾತ್ರ ಬರೀ ಧೂಳು. ಕನ್ನಡಕ ಇದನ್ನು ಅಭಿನಯ ಸಮೇತ ಓದಿ, ಮೆಚ್ಚುಗೆಗೆ ಕಾದಳು.

ದೊಡ್ಡಕ್ಕ, “ಇನ್ನೊಂದ್ ಸಲ ಓದು” ಅಂದಳು. ಓದಿದಳು. “ಮೂರು ಸಾಲಾ?” “ಮೂರೇ ಇದೆ.” “ಮೇಲಕ್ಕಾ?” “ಸೂರಿಗೆ ಅಂತ ಅಚ್ಚಾಗಿದೆ, ನಾನೇನು ಕಟ್ಟಿ ಹೇಳ್ತಿದೀನಾ?”

ದೊಡ್ಡಕ್ಕ ಆಪರೇಷನ್ ಕೋಣೆಯಿಂದ ಬಂದಿದ್ದ ಒಂದು ಒದ್ದೆ ಟವೆಲನ್ನು ತಲೆಗಾತ್ರಕ್ಕೆ ಸುತ್ತಿ ಮೇಜಿನ ಮೇಲಿಟ್ಟಳು. ಬಟ್ಟೆ ತಿರುವುವ ಮರದ ಕೋಲು ತೆಗೆದುಕೊಂಡು ಒಂದು ಬಾರಿಸಿದಳು. ಮೇಜೆಲ್ಲ ಕೆಂಪು ನೀರು, ಗೋಡೆ ಹಾಗೇ ಬಿಳಿ. “ನೋಡಿ. ಮೊದಲ್ನೇ ಏಟಿಗೆ ಗೋಡೆಗೆ ಏನೂ ಇಲ್ಲ. ಕೋಲಿಗಿನ್ನೂ ಒದ್ದೆ ಹತ್ತಿರಲ್ಲ.” ಕೋಲನ್ನು ಬೆನ್ನ ಹಿಂದಕ್ಕೆ ಎತ್ತಿದಳು. ಅದರ ತುದಿಯಿಂದ ಹನಿಗಳು ಹಾರಿ ಗೋಡೆಯ ಮೇಲೆ ಒಂದು ಸಾಲು ಬಿತ್ತು, ಕೆಳಗಿಂದ ಸೂರಿನ ಕಡೆಗೆ. ಬಾರಿಸಿದಳು, ಎತ್ತಿದಳು. ಎರಡನೇ ಸಾಲು. ಬಾರಿಸಿದಳು, ಎತ್ತಿದಳು. ಮೂರನೆಯದು. ಬಾರಿಸಿದಳು. ಕೋಲು ಮೇಜಿಗೆ ಬಡಿದ ಸದ್ದಿಗೆ ಗುಬ್ಬಿ ಪ್ರತಿ ಸಲವೂ ಭುಜ ಕುಗ್ಗಿಸುತ್ತಿದ್ದಳು.

“ನಾಲ್ಕು ಏಟು” ಅಂದಳು ದೊಡ್ಡಕ್ಕ. “ಕಡಿಮೆ ಅಂದ್ರೆ ನಾಲ್ಕು. ಮಂಚದ ಮೇಲೆ ಮಲಗಿದ್ದವಳಿಗೆ. ಬಿದ್ದವಳು ಒಂದೇ ಸಲ ಬೀಳ್ತಾಳೆ ಕಣೇ, ನಾಲ್ಕು ಸಲ ಬೀಳಲ್ಲ.”

“ಆದ್ರೆ ಬರ್ದವಳು ಬಿದ್ದಳು ಅಂತಾನೇ ಬರ್ದಿದಾಳಲ್ಲ?” ಅಂದಳು ಕನ್ನಡಕ.

“ಅವಳಿಗೇ ಗೊತ್ತಿಲ್ಲ. ಕಂಡದ್ದನ್ನ ಬರ್ದಿದಾಳೆ, ಕಂಡದ್ದು ಏನು ಅಂತ ಗೊತ್ತಾಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಅಲ್ವಾ ಅಜ್ಜಿ? ನೀವು ನಮಗಿಂತ ಹೆಚ್ಚು ಕಲೆ ನೋಡಿದೋರು” ಅಂದಳು.

ಸೂಜಿ ನನ್ನ ಹೆಬ್ಬೆರಳಿನ ಉಗುರಿನ ಕೆಳಗೆ ಹೊಕ್ಕಿತ್ತು. ಹಾಸಿನ ಮೇಲೆ ಒಂದು ಹನಿ. ಎಂಜಲು ಹಚ್ಚಿ ಉಜ್ಜಿದೆ, ಹೋಯಿತು. ಹೌದು ಅಂದೆನೋ, ಇಲ್ಲ ಅಂದೆನೋ ನೆನಪಿಲ್ಲ. ಗಂಟೆ ಹೊಡೆಯಿತು.

ಗೋಡೆಯ ಮೇಲಿನ ಆ ಮೂರು ಸಾಲನ್ನು ಯಾರೂ ಒರೆಸಿಲ್ಲ. ನಾನು ಕೂರುವುದು ಅದಕ್ಕೆ ಎದುರಾಗಿ.

ನಿನ್ನ ಅತ್ತೆ


ಏಪ್ರಿಲ್ 20

ಅತ್ತೆ,

ಮೂರು ಸಾಲು ಅಂತ ಬರೆದಾಗ ಅದು ವಾಕ್ಯದ ಲಯಕ್ಕೆ ತಾನಾಗಿ ಬಂದದ್ದು ಅಂದುಕೊಂಡಿದ್ದೆ. ಕಣ್ಣು ಮುಚ್ಚಿ ಎಣಿಸಿದೆ. ಮೂರೇ.

ಅಪ್ಪನಿಗೆ ಉಣಿಸುವಾಗ ಈಗ ನನ್ನ ಕಣ್ಣು ಅವರ ಬಲಗೈಯ ಮೇಲೆ ಹೋಗುತ್ತದೆ. ಬಡಗಿಯ ಕೈ. ಗೆಣ್ಣುಗಳು ಇನ್ನೂ ದಪ್ಪ ಇವೆ. ನಿನ್ನೆ ಚಮಚ ಹಲ್ಲಿಗೆ ತಾಗಿಸಿದೆ. ಬೇಕೆಂದೇ ತಾಗಿಸಿದೆನೋ ಏನೋ. ವಸಡಿನಲ್ಲಿ ರಕ್ತ ಬಂತು. ಅವರು ನನ್ನನ್ನೇ ನೋಡಿದರು.

ನನ್ನ ಪ್ರಶ್ನೆಗೆ ನೀನು ಉತ್ತರ ಬರೆದಿಲ್ಲ.

ಕೂಸು


ಮೇ 12

ನನ್ನ ಕೂಸೇ,

ನಿನ್ನ ಪತ್ರ ದಿಂಬಿನ ಕೆಳಗಿದೆ. ಬರೆಯುತ್ತೇನೆ. ಅದಕ್ಕೆ ಮೊದಲು ಗುಬ್ಬಿಯದನ್ನು ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ.

ಸೋಮವಾರ ಅವಳು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಂದಳು. ದೊಡ್ಡಕ್ಕ ಬಿಚ್ಚಿಸಿದಳು. ದವಡೆ ಒಂದು ಕಡೆ ಜರುಗಿತ್ತು, ಕಣ್ಣು ಬದನೆಕಾಯಿಯಾಗಿತ್ತು, ಕತ್ತಿನಲ್ಲಿ ಐದು ಬೆರಳೂ ಎಣಿಸಬಹುದಾಗಿತ್ತು.

“ಏನಾಯ್ತೇ?”

“ಬಿದ್ದೆ.”

“ಎಲ್ಲಿ?”

“ಮೆಟ್ಟಿಲ ಮೇಲಿಂದ.”

ಕನ್ನಡಕ ಕ್ರೇಟು ಹತ್ತಿದಳು. ಓದಬೇಕಾದ ಪುಟ ಬಿಟ್ಟು ಹಿಂದಕ್ಕೆ ತಿರುವಿದಳು. ‘ಅಮ್ಮ ಒಂಬತ್ತನೇ ಮೆಟ್ಟಿಲಿಂದ ಬಿದ್ದಳು ಎಂದರು ಅಪ್ಪ. ಬಿದ್ದಳು ಎಂದಳು ಅತ್ತೆ.’ ಬಾಯ್ಲರ್ ಕೋಣೆಗೆ ಕೇಳುವ ಹಾಗೆ ಓದಿದಳು. ಮತ್ತೊಮ್ಮೆ ಓದಿದಳು. ಐದನೇ ಸಲಕ್ಕೆ ಗುಬ್ಬಿ ಕೈಲಿದ್ದ ಹಾಸನ್ನು ಬಾಯಿಗೆ ತುರುಕಿಕೊಂಡು ನೆಲಕ್ಕೆ ಕುಸಿದಳು. “ನಿಲ್ಸು ಕಣೇ, ನಿಲ್ಸು. ಅವನೇ. ಸ್ಪಾನರಲ್ಲಿ ಹೊಡ್ದ.” ಅವಳ ಗಂಡ ಗ್ಯಾರೇಜಿನಲ್ಲಿರುತ್ತಾನೆ. ಊಟ ಆರಿತ್ತಂತೆ.

ಅವಳನ್ನು ನನ್ನ ಮನೆಗೆ ಕರೆತಂದಿದ್ದೇನೆ. ದವಡೆಗೆ ತಂತಿ ಹಾಕಿದ್ದಾರೆ. ಹೀರುನಳಿಕೆಯಲ್ಲಿ ಹಾಲು ಕುಡಿಯುತ್ತಾಳೆ. ನಿನ್ನೆ ಹಲ್ಲು ಕಚ್ಚಿಕೊಂಡೇ ಕೇಳಿದಳು, “ಅಜ್ಜೀ, ಆ ಪುಸ್ತಕದಲ್ಲಿ ಒಬ್ಳು ಅತ್ತೆ ಇದಾಳಲ್ಲ, ಅವಳಿಗೆ ಗೊತ್ತಿತ್ತಾ?”

ನಾನು ಹಾಲು ಬಿಸಿ ಮಾಡಲು ಎದ್ದುಹೋದೆ.

ನಿನ್ನ ಅತ್ತೆ


ಜೂನ್ 3

ಕೂಸೇ,

ಅಕ್ಷರ ವಕ್ರವಾದರೆ ಹೊಂದಿಸಿಕೊಂಡು ಓದು.

ಇವತ್ತು ಬೆಳಗ್ಗೆ ಹತ್ತೂವರೆಗೆ, ಒಂಬತ್ತನೇ ಅಧ್ಯಾಯದ ನಡುವೆ ಗುಬ್ಬಿಯ ಗಂಡ ಬಟ್ಟೆಗಾಡಿಯ ಬಾಗಿಲಿಂದ ಒಳಗೆ ನುಗ್ಗಿದ. ಕೈಯಲ್ಲಿ ಅದೇ ಸ್ಪಾನರ್. ಕನ್ನಡಕಳನ್ನು ಕ್ರೇಟಿನಿಂದ ಒದ್ದು ಬೀಳಿಸಿದ. ದೊಡ್ಡಕ್ಕ ಅಡ್ಡ ನಿಂತಳು. ಅವಳ ಮೊಣಕೈಗೆ ಬೀಸಿದ ಏಟಿಗೆ ಎಲುಬು ಮುರಿದದ್ದು ಮೆಷಿನ್ ಸದ್ದಿನಲ್ಲೂ ಕೇಳಿತು. ಗುಬ್ಬಿಯ ಜಡೆಯನ್ನು ಎಡಗೈಗೆ ಎರಡು ಸುತ್ತು ಸುತ್ತಿಕೊಂಡು ಎಳೆದು, ಮುಖವನ್ನು ಮೇಜಿನ ಅಂಚಿಗೆ ಅಪ್ಪಳಿಸಿದ. ತಂತಿ ಕಟ್ಟಿದ ದವಡೆ. ಅವಳು ಕೂಗಲೂ ಆಗದೆ ಮೂಗಿನಲ್ಲೇ ನರಳುತ್ತಿದ್ದಳು. ಆಮೇಲೆ ಸ್ಪಾನರ್ ಎಸೆದು, ಬಲಗೈಯಲ್ಲಿ ಅವಳ ಕುತ್ತಿಗೆ ಹಿಡಿದು, ರೋಲರಿನ ಬಾಯಿಗೆ ಬಗ್ಗಿಸಿದ. “ಮುಖಕ್ಕೆ ಇಸ್ತ್ರಿ ಹಾಕ್ತೀನಿ, ಯಾರ ಮನೇಲಿ ಕೂರ್ತೀಯೋ ಕೂತ್ಕೋ” ಅಂದ. ಅವಳ ಹಣೆಯ ಕೂದಲು ಸುಟ್ಟ ವಾಸನೆ ನನಗೆ ಬಂತು.

ನಾನು ಒಂದು ಮೊಳ ದೂರದಲ್ಲಿದ್ದೆ.

ರೋಲರಿಗೆ ಹಾಸು ಕೊಡುವುದಕ್ಕೆ ಒಂದು ಕ್ರಮ ಇದೆ. ಇಡೀ ಬಟ್ಟೆಯನ್ನು ನೂಕಬಾರದು. ಅಂಚು ಹಿಡಿದು ನೆಟ್ಟಗೆ ಕೊಡಬೇಕು. ಅಂಚನ್ನು ಕಚ್ಚಿತೆಂದರೆ ಉಳಿದದ್ದನ್ನು ಅದೇ ಎಳೆದುಕೊಳ್ಳುತ್ತದೆ. ಮೂವತ್ತೆಂಟು ವರ್ಷ ಕೊಟ್ಟಿದ್ದೇನೆ. ಅವನ ಬಲತೋಳಿನ ಅಂಗಿಯ ಗುಂಡಿ ಕಿತ್ತು ಅಂಚು ಜೋತಾಡುತ್ತಿತ್ತು. ಹಿಡಿದೆ. ನೆಟ್ಟಗೆ ಕೊಟ್ಟೆ.

ಬಟ್ಟೆ ಹೋಯಿತು. ಹಿಂದೆಯೇ ಕೈ ಹೋಯಿತು. ಕೈ ತಾಗಿದರೆ ರೋಲರನ್ನು ತಾನೇ ನಿಲ್ಲಿಸುವ ಪಟ್ಟಿ ಕೆಟ್ಟು ಎರಡು ವರ್ಷವಾಗಿದೆ. ಗುಬ್ಬಿ ಜಾರಿ ಕೆಳಗೆ ಬಿದ್ದಳು. ಅವನು ಕಿರುಚಿದ ಸದ್ದನ್ನು ನಾನು ಬರೆಯಲಾರೆ. ಬೆರಳುಗಳು ಒಂದೊಂದಾಗಿ ಮುರಿದವು, ಹಬೆ ಬಂತು, ಮಾಂಸ ಬೆಂದ ವಾಸನೆ ಬಂತು. ಕೆಂಪು ಹಗ್ಗ ನನ್ನ ಹಣೆಗೆ ತಾಗುತ್ತಿತ್ತು. ನಾನು ಎಳೆಯಲಿಲ್ಲ. ಕೊನೆಗೆ ದೊಡ್ಡಕ್ಕ ಮುರಿಯದ ಕೈಯಲ್ಲಿ ಬಂದು ಎಳೆದಳು. ಮಣಿಕಟ್ಟಿನವರೆಗೆ ಹೋಗಿತ್ತು.

ಇನ್ಸ್‌ಪೆಕ್ಟರ್ ಬಂದ. ನಾವು ಯಾರೂ ಮಾತಾಡಿಕೊಂಡಿರಲಿಲ್ಲ. ದೊಡ್ಡಕ್ಕ, “ಕಾಲು ಜಾರಿ ರೋಲರ್ ಮೇಲೆ ಬಿದ್ದ” ಅಂದಳು. ಕನ್ನಡಕ, “ಬಿದ್ದ ಸಾರ್, ನಾನೇ ನೋಡ್ದೆ” ಅಂದಳು. ಗುಬ್ಬಿ ಬಾಯಿ ತೆರೆಯಲಾಗದೆ ಕೈಸನ್ನೆಯಲ್ಲಿ ತೋರಿಸಿದಳು. ಬಿದ್ದ. ಆತ ನನ್ನ ಕಡೆ ತಿರುಗಿದ.

“ನೀವು ಪಕ್ಕದಲ್ಲೇ ಕೂತಿದ್ರಲ್ಲ ಅಜ್ಜಿ?”

“ಬಿದ್ದ” ಅಂದೆ.

ಎಷ್ಟು ಸಲೀಸಾಗಿ ಬಂತು ಗೊತ್ತಾ ಕೂಸೇ. ಮೂವತ್ತೊಂದು ವರ್ಷ ಹಳೆಯ ಕೀಲು, ಎಣ್ಣೆ ಹಾಕಿದ ಹಾಗೆ ತಿರುಗಿತು.

ಅತ್ತೆ


ಜೂನ್ 10

ಕೂಸೇ,

ನೀನು ಕೇಳಿದ್ದಕ್ಕೆ ಉತ್ತರ.

ಅಂದು ಭಾನುವಾರ. ನನಗೆ ರಜೆ. ಎರಡು ಗಂಟೆಗೆ ನಿಮ್ಮ ಮನೆಗೆ ಬಂದೆ. ನೀನು ಹಿತ್ತಲಲ್ಲಿ ಕಲ್ಲು ಜೋಡಿಸುತ್ತಾ ಆಡುತ್ತಿದ್ದೆ. ನಿನ್ನ ಅಮ್ಮ ಮಂಚದ ಮೇಲಿದ್ದಳು. ಮೆಟ್ಟಿಲ ಹತ್ತಿರ ಅಲ್ಲ. ತಲೆಯ ಎಡಭಾಗ ಒಳಕ್ಕೆ ಹೋಗಿತ್ತು. ನನ್ನ ತಮ್ಮನ ಕೈಯಲ್ಲಿ ಉಳಿಗೆ ಹೊಡೆಯುವ ಮರದ ಸುತ್ತಿಗೆ. ದೊಡ್ಡಕ್ಕನ ಲೆಕ್ಕ ತಪ್ಪಲ್ಲ. ನಾಲ್ಕು ಅಂತ ಅವನೂ ಹೇಳಿದ. ಅವಳು ನಿನ್ನನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ ಅಂದಿದ್ದಳಂತೆ. ಆಮೇಲೆ ಸುಮ್ಮನೆ ಮಲಗಿದ್ದಳಂತೆ. ಹಾಗೆ ಮಲಗಿದ್ದೇ ಅವನಿಗೆ ತಡೆಯಲಾಗಲಿಲ್ಲವಂತೆ.

ಅವಳಿಗೆ ಉಸಿರಿತ್ತು.

ಇದನ್ನು ಎರಡು ಸಲ ಓದು, ಯಾಕೆಂದರೆ ನಾನು ಇನ್ನೊಂದು ಸಲ ಬರೆಯಲಾರೆ. ಗೊರಗೊರ ಅಂತ ಉಸಿರು ಬರುತ್ತಿತ್ತು. ಅವನು ನನ್ನ ಕಾಲು ಹಿಡಿದ. “ಅಕ್ಕ, ನನ್ನ ಎತ್ತಿ ಸಾಕಿದವಳು ನೀನು. ಕೂಸು ಅನಾಥ ಆಗುತ್ತೆ. ತೊಳೆದುಬಿಡು” ಅಂದ. ಆಂಬುಲೆನ್ಸ್ ಕರೆಯಬೇಕಿತ್ತು, ಬೀದಿಗೆ ಓಡಿ ಬಾಯಿ ಬಡಿದುಕೊಳ್ಳಬೇಕಿತ್ತು. ನಾನು ದಿಂಬಿನ ಕವರು ಬಿಚ್ಚಿದೆ. ಆ ಸದ್ದು ಕಿವಿಗೆ ಬೀಳದಿರಲೆಂದು ನಲ್ಲಿ ಜೋರಾಗಿ ತಿರುಗಿಸಿದೆ. ನಲ್ಲಿ ನಿಲ್ಲಿಸಿದಾಗ ಒಳಗಿನ ಸದ್ದೂ ನಿಂತಿತ್ತು. ಆಮೇಲೆ ಇಬ್ಬರೂ ಸೇರಿ ಅವಳನ್ನು ಮೆಟ್ಟಿಲ ಬುಡಕ್ಕೆ ಹೊತ್ತೆವು. ಅವನು ತೋಳು ಹಿಡಿದ, ನಾನು ಕಾಲು. ಗೋಡೆಗೆ ಮರುದಿನವೇ ಸುಣ್ಣ ಬಳಿದ. ಕೇಳಿದವರಿಗೆಲ್ಲ ನಾನು ಬಿದ್ದಳು ಅಂದೆ. ನಾನು ಆಸ್ಪತ್ರೆಯವಳು ಅಂತ ನಂಬಿದರು.

ಬಿಸಿನೀರು. ಟಬ್ಬಿಗೆ ತಣ್ಣೀರೇ ತುಂಬಿದ್ದೆ, ರೂಢಿಯ ಪ್ರಕಾರ. ಕಲೆ ಬಿಡತೊಡಗಿತು. ನೀರು ಗುಲಾಬಿಯಾಯಿತು. ಇನ್ನೆರಡು ಸಲ ಹಿಂಡಿದ್ದರೆ ಅವಳು ಆ ಬಟ್ಟೆಯಿಂದಲೂ ಹೋಗಿಬಿಡುತ್ತಿದ್ದಳು. ಆಗ ನನ್ನ ಕೈ ಒಲೆಯ ಮೇಲಿನ ಕೆಟಲ್ ಎತ್ತಿ ಸುರಿಯಿತು. ನೀನು ಹಿಂದೆ ಬಂದು ನಿಂತದ್ದು ನನಗೆ ತಿಳಿಯಲಿಲ್ಲ. ನಿನ್ನ ಪಾದ ಸುಟ್ಟದ್ದೂ ಅದೇ ನೀರು. ಇಷ್ಟು ವರ್ಷ ಅದನ್ನು ಗಾಬರಿ ಅಂದುಕೊಂಡೆ. ಗಾಬರಿಯಲ್ಲ. ಬಾಯಿ ಅವನ ಕಡೆಗಿತ್ತು, ಕೈ ಅವಳ ಕಡೆಗೆ ಹೋಗಿತ್ತು. ಆದರೆ ಕೈ ಮಾಡಿದ್ದು ಅಷ್ಟೇ. ಅಷ್ಟಕ್ಕೆ ನನ್ನನ್ನು ಒಳ್ಳೆಯವಳು ಮಾಡಬೇಡ. ನಿನ್ನ ಕಾದಂಬರಿಯಲ್ಲಿ ಅತ್ತೆಯನ್ನು ತುಂಬ ಚೆನ್ನಾಗಿ ಬರೆದಿದ್ದೀ. ನಮ್ಮ ಕೂಟ ಹಿಡಿಯದ ತಪ್ಪು ಅದೊಂದೇ.

ಆ ಕವರು ನನ್ನ ಪೆಟ್ಟಿಗೆಯಲ್ಲಿದೆ.

ನಿನ್ನೆ ಬಟ್ಟೆಮನೆಯಲ್ಲಿ ಎಲ್ಲರಿಗೂ ಹೇಳಿದೆ, ಬರೆದವಳು ಯಾರು, ಅತ್ತೆ ಯಾರು ಅಂತ. ಕನ್ನಡಕ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಂತಳು. ದೊಡ್ಡಕ್ಕ ಬಂದು, ಪಟ್ಟಿ ಕಟ್ಟಿರದ ಕೈಯಲ್ಲಿ ನನ್ನ ಕೆನ್ನೆಗೆ ಒಂದು ಬಿಟ್ಟಳು. ಕಿವಿ ಗುಯ್‌ಗುಟ್ಟಿತು. ಆಮೇಲೆ ಅವಳೇ ನನ್ನ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟಳು. “ನಡೀರಿ. ಸ್ಟೇಷನ್ ತನಕ ನಾನೂ ಬರ್ತೀನಿ.”

“ಅವನು ಬೀಳ್ಲಿಲ್ಲ” ಅಂದೆ ಇನ್ಸ್‌ಪೆಕ್ಟರಿಗೆ. “ನಾನು ಕೊಟ್ಟೆ. ಹಗ್ಗ ಎಳೀಲಿಲ್ಲ. ಅವಳ ಮುಖ ಬಿಡಿಸೋಕೆ ಕೊಟ್ಟದ್ದು ನಿಜ, ಆದ್ರೆ ಅವಳನ್ನ ಬಿಟ್ಟ ಮೇಲೂ ಎಳೀಲಿಲ್ಲ.” ಆತ ಪೆನ್ನು ಕೆಳಗಿಟ್ಟ. “ಅಜ್ಜೀ, ಎಲ್ಲರೂ ಬಿದ್ದ ಅಂತಿದಾರೆ. ನಿಮಗ್ಯಾಕೆ ಈ ವಯಸ್ಸಲ್ಲಿ?” “ಬರ್ಕೊಳಪ್ಪಾ” ಅಂದೆ, “ಇನ್ನೂ ಒಂದಿದೆ. ಅದು ಹಳೇದು.” ಅದನ್ನೂ ಹೇಳಿದೆ. ಹಳೆಯದಕ್ಕೆ ಸಾಕ್ಷಿ ಏನು ಅಂತ ಕೇಳಿದ. ಪೆಟ್ಟಿಗೆಯಲ್ಲಿರುವುದು ನಿನಗೆ ಸೇರಿದ್ದು, ನಿನ್ನನ್ನು ಕೇಳದೆ ಕೊಡುವುದಿಲ್ಲ ಅಂದೆ.

ಅತ್ತೆ


ಜೂನ್ 24

ಅತ್ತೆಯವರಿಗೆ,

ನಿಮ್ಮ ಪತ್ರವನ್ನು ಅಪ್ಪನ ಮುಂದೆ ನಿಂತು ಓದಿದೆ. ನಿಮ್ಮ ಬಟ್ಟೆಮನೆಯಲ್ಲಿ ಓದುವ ಹಾಗೆ, ಗಂಟಲು ಹರಿಯುವಂತೆ. ಪಕ್ಕದ ಮನೆಯವರು ಬಾಗಿಲು ತಟ್ಟಿದರೂ ನಿಲ್ಲಿಸಲಿಲ್ಲ. ‘ಅವಳಿಗೆ ಉಸಿರಿತ್ತು’ ಅನ್ನುವ ಸಾಲನ್ನು ನೀವು ಹೇಳಿದ ಹಾಗೆ ಎರಡು ಸಲ ಓದಿದೆ.

ಅವರು ಐದು ತಿಂಗಳಿಂದ ಒಂದು ಮಾತೂ ಆಡಿರಲಿಲ್ಲ. ಎಲ್ಲ ಕೇಳಿದ ಮೇಲೆ ಬಾಯಿ ಒರೆಸಿಕೊಂಡು, ಸ್ಪಷ್ಟವಾಗಿ, “ಅಕ್ಕ ತೊಳೆದಳಲ್ಲ, ಇನ್ನೇನು?” ಅಂದರು.

ನಾನು ತಟ್ಟೆ ಎತ್ತಿ ಅವರ ಮುಖಕ್ಕೆ ಹೊಡೆದೆ. ಎರಡನೇ ಸಲ ಕೈ ಎತ್ತಿದಾಗ ಗೋಡೆ ಕಾಣಿಸಿತು. ನಿಲ್ಲಿಸಿದೆ. ಹುಬ್ಬಿಗೆ ಮೂರು ಹೊಲಿಗೆ ಹಾಕಿದ್ದಾರೆ. ಡಾಕ್ಟರು ಹೇಗಾಯಿತು ಎಂದು ಕೇಳಿದರು. ನಾನು ಹೊಡೆದೆ ಎಂದು ಹೇಳಿದೆ. ಈಗ ಅವರನ್ನು ನೋಡಿಕೊಳ್ಳಲು ಬೇರೆಯವರು ಬರುತ್ತಾರೆ.

ದಿಂಬಿನ ಕವರು ನನಗೆ ಬೇಕು. ಇನ್ಸ್‌ಪೆಕ್ಟರಿಗೆ ನಾನೇ ಕೊಡುತ್ತೇನೆ. ಜುಲೈ ಒಂಬತ್ತಕ್ಕೆ ಬರುತ್ತೇನೆ. ನಿಮ್ಮನ್ನು ಕ್ಷಮಿಸಿ ಬರುತ್ತಿಲ್ಲ. ಅದನ್ನು ಮೊದಲೇ ತಿಳಿಸಿರುವುದು ಒಳ್ಳೆಯದು.

ತಮ್ಮನ ಮಗಳು


ಜುಲೈ 1

ಕೂಸೇ,

ನೀನು ‘ನೀವು’ ಅಂತ ಬರೆದಿದ್ದೀ. ಸರಿ. ನನಗೆ ಹೊಸದಾಗಿ ಬರೆಯಲು ಬರುವುದಿಲ್ಲ. ಹಳೆಯ ಹಾಗೆಯೇ ಬರೆಯುತ್ತೇನೆ.

ಬಾ. ರೈಲು ಸ್ಟೇಷನ್ನಿನಿಂದ ಆಸ್ಪತ್ರೆಯ ಹಿಂದಿನ ಗೇಟಿಗೆ ಬಂದರೆ ಇಳಿಜಾರಿನ ಕೊನೆಯಲ್ಲಿ ಬಟ್ಟೆಗಾಡಿಯ ಬಾಗಿಲು. ನನ್ನ ಮೇಲೆ ಕೇಸು ಹಾಕಿದ್ದಾರೆ. ಜಾಮೀನಿನ ಮೇಲಿದ್ದೇನೆ, ಹದಿನಾಲ್ಕಕ್ಕೆ ಮೊದಲ ಹಾಜರಿ. ಅವನ ನಾಲ್ಕು ಬೆರಳು ಹೋದವು. ಅವನ ಮೇಲೂ ಕೇಸಿದೆ. ಗುಬ್ಬಿಗೆ ದವಡೆ ಮತ್ತೆ ಕಟ್ಟಿದ್ದಾರೆ, ಹಣೆಯ ಮೇಲೆ ಸುಟ್ಟ ಪಟ್ಟಿ ಉಳಿಯುತ್ತದಂತೆ. ಈಗ ಮೋಟುತೋಳಿನ ಅಂಗಿ ಹಾಕುತ್ತಾಳೆ.

ಕವರನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಇಸ್ತ್ರಿ ಮಾಡಿಲ್ಲ. ಕೈ ತಡೆದುಕೊಂಡಿದ್ದೇನೆ. ಕಲೆ ಅಂಗೈಯಗಲ ಇದೆ, ಚಹಾದ ಬಣ್ಣ. ನಿನ್ನ ಅಮ್ಮನದು ಅಂತ ಈ ಭೂಮಿಯ ಮೇಲೆ ಉಳಿದದ್ದು ನಿನ್ನ ಡಬ್ಬಿಯ ಆ ಹಲ್ಲು ಮತ್ತು ಇದು.

ಕೂಟದ ಕೊನೆಯ ಅಭಿಪ್ರಾಯ ಕೇಳಿದ್ದೆಯಲ್ಲ, ಅದು ಇನ್ನೂ ಸಿಕ್ಕಿಲ್ಲ. ಕೊನೆಯ ಅಧ್ಯಾಯ ಓದುವುದು ಬಾಕಿ ಇದೆ. ಕನ್ನಡಕ ಕ್ರೇಟು ಹತ್ತಲು ಹೋದರೆ ದೊಡ್ಡಕ್ಕ ಬಿಡಲಿಲ್ಲ. ನೀನು ಬರುವ ಸುದ್ದಿ ಹೇಳಿದೆ. ಅದಕ್ಕೆ ಅವಳು ಅಂದದ್ದನ್ನು ಅಂದ ಹಾಗೆಯೇ ಬರೆಯುತ್ತೇನೆ:

“ಬರ್ದವಳೇ ಬಂದು ಓದ್ಲಿ. ಬೇಕಾದ್ರೆ ಬೇರೆ ಥರ ಬರ್ಕೊಂಡು ಬಂದು ಓದ್ಲಿ. ಅವತ್ತು ಎಲ್ಲಾ ಮೆಷಿನ್ನೂ ನಿಲ್ಲಿಸ್ತೀನಿ, ವಾರ್ಡಿನೋರು ಬಟ್ಟೆಗೆ ಕಾಯ್ಲಿ. ಅವಳು ಕಿರುಚೋದು ಬೇಡ. ಪಿಸುಗುಟ್ಟಿದ್ರೂ ಕೇಳಿಸ್ಕೋತೀವಿ.”

ಅತ್ತೆ